‘ಆಕ್ಯುಪೈ ವಾಲ್ ಸ್ಟ್ರೀಟ್’: ಆಕ್ರಮಣವೋ, ಮುತ್ತಿಗೆಯೋ, ಧರಣಿಯೋ?

ಗೆಳೆಯರೆ,

ಶಿರಸಿಯಲ್ಲಿ ನಮ್ಮದೊಂದು ಓದುವ ಬಳಗ ಇದೆ. ಅದಕ್ಕಾಗಿ 2011ರ ‘ಆಕ್ಯುಪೈ ವಾಲ್ ಸ್ಟ್ರೀಟ್’ ಚಳವಳಿಯ ಮೇಲೆ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಓದುವವರು ಅಡಿಕೆ ತೋಟದವರು, ಅಂಗನವಾಡಿ ಟೀಚರುಗಳು, ಅಂಕೋಲಾ ಕುಮಟಾ ಕಡೆಯಿಂದ ಇಲ್ಲಿ ಕಲಿಯಲು ಬಂದ ಹುಡುಗ ಹುಡುಗಿಯರು. ಅವರಿಗೆ ನ್ಯೂಯಾರ್ಕ್ ದೂರದ ಊರು. ಸಾಲ, ಬಡ್ಡಿ, ಹರಾಜು, ಹೋರಾಟ ಇವು ಯಾವುವೂ ದೂರದವಲ್ಲ. ಪದಗಳು ಅವರ ಕಿವಿಗೆ ಸರಿಯಾಗಿ ಬೀಳಬೇಕು ಅಂತ ನನ್ನ ಆಸೆ. ಅದಕ್ಕೇ ಈ ಪತ್ರ ಓದುವ ಹಿರಿಯರನ್ನೂ ಗೆಳೆಯರನ್ನೂ ಕೇಳುತ್ತಿದ್ದೇನೆ: ಇಲ್ಲಿ ‘ಆಕ್ಯುಪೈ’ ಅನ್ನುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ವಿಷಯ ಮರೆತವರಿಗಾಗಿ ಎರಡು ಮಾತು. 2008ರ ಸೆಪ್ಟೆಂಬರ್ 15ರಂದು ಲೇಮನ್ ಬ್ರದರ್ಸ್ ಎಂಬ ಅಮೆರಿಕದ ದೊಡ್ಡ ಹೂಡಿಕೆ ಬ್ಯಾಂಕು ದಿವಾಳಿ ಎದ್ದಿತು. ತೀರಿಸುವ ತಾಕತ್ತು ಇಲ್ಲದವರಿಗೂ ಮನೆ ಸಾಲ ಕೊಡುವುದು, ಆ ಸಾಲದ ಕಾಗದಗಳನ್ನೇ ಕಂತೆ ಕಟ್ಟಿ ಇನ್ನೊಬ್ಬರಿಗೆ ಮಾರುವುದು, ಅವರು ಮತ್ತೊಬ್ಬರಿಗೆ ಮಾರುವುದು, ಈ ವ್ಯಾಪಾರ ಕುಸಿದು ಬಿದ್ದಿತ್ತು. ಮುಂದಿನ ತಿಂಗಳೇ ಅಮೆರಿಕ ಸರ್ಕಾರ ಹಣಕಾಸು ಸಂಸ್ಥೆಗಳನ್ನು ಉಳಿಸಲು 70,000 ಕೋಟಿ ಡಾಲರ್‌ವರೆಗೆ ಖರ್ಚು ಮಾಡುವ ಕಾನೂನು ಮಾಡಿತು. ದೊಡ್ಡ ಬ್ಯಾಂಕುಗಳು ಬದುಕಿಕೊಂಡವು. ಕಂತು ಕಟ್ಟಲಾಗದ ಲಕ್ಷಾಂತರ ಮಂದಿ ಮನೆ ಕಳಕೊಂಡರು. ಆ ಸಿಟ್ಟು 2011ರ ಸೆಪ್ಟೆಂಬರ್ 17ರಂದು ನ್ಯೂಯಾರ್ಕಿನ ಝುಕೋಟಿ ಪಾರ್ಕಿಗೆ ಬಂದು ಕೂತಿತು. ದೊಡ್ಡ ಬ್ಯಾಂಕುಗಳ ಬೀದಿಯಾದ ವಾಲ್ ಸ್ಟ್ರೀಟಿಗೆ ತೀರ ಹತ್ತಿರದ ಜಾಗ ಅದು. ಅಲ್ಲೇ ಅಡುಗೆ, ಅಲ್ಲೇ ಮಲಗುವುದು, ಅಲ್ಲೇ ಪುಸ್ತಕ ಭಂಡಾರ. ನವೆಂಬರ್ 15ರ ನಡುರಾತ್ರಿ ಪೊಲೀಸರು ಬಂದು ಎಬ್ಬಿಸುವವರೆಗೂ ಜನ ಅಲ್ಲೇ ಇದ್ದರು. ಅಮೆರಿಕನ್ ಡಯಲೆಕ್ಟ್ ಸೊಸೈಟಿ 2011ರ ವರ್ಷದ ಪದ ಅಂತ ಆರಿಸಿದ್ದು ‘ಆಕ್ಯುಪೈ’ ಪದವನ್ನೇ.

ನಿಘಂಟು ತೆರೆದರೆ ‘ಆಕ್ರಮಿಸು’ ಸಿಗುತ್ತದೆ. ‘ವಾಲ್ ಸ್ಟ್ರೀಟ್ ಆಕ್ರಮಿಸಿ’ ಅಂತ ಬರೆಯುವವರೂ ಇದ್ದಾರೆ. ಬೇರೆ ಕಡೆ ಅದು ನಡೆದೀತು. ಉತ್ತರ ಕನ್ನಡದಲ್ಲಿ ನಡೆಯುವುದು ಕಷ್ಟ. ಅದರ ಬೆನ್ನಿಗೇ ‘ಅತಿಕ್ರಮಣ’ ಬಂದು ನಿಲ್ಲುತ್ತದೆ. ನಮ್ಮ ಜಿಲ್ಲೆಯ ಬಹುಪಾಲು ನೆಲ ಅರಣ್ಯ ಇಲಾಖೆಯ ಲೆಕ್ಕದಲ್ಲಿದೆ. ಕಾಡಂಚಿನಲ್ಲಿ ಅರ್ಧ ಎಕರೆ, ಒಂದು ಎಕರೆ ಸಾಗುವಳಿ ಮಾಡಿಕೊಂಡ ಸಾವಿರಾರು ಕುಟುಂಬಗಳಿಗೆ ಸರ್ಕಾರಿ ಕಾಗದದಲ್ಲಿ ಇರುವ ಹೆಸರು ‘ಅತಿಕ್ರಮಣದಾರ’. ಆ ಸಾಗುವಳಿ 1978ರ ಏಪ್ರಿಲ್ 27ಕ್ಕಿಂತ ಮೊದಲಿನದೋ ಆಮೇಲಿನದೋ ಎಂಬುದರ ಮೇಲೆ ಹಲವರ ಹಣೆಬರಹ ನಿಂತಿತ್ತು. ಆಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರಿನ, ಅಂದರೆ 75 ವರ್ಷದ ದಾಖಲೆ ತನ್ನಿ ಅಂತ ಅದು ಕೇಳುತ್ತದೆ. ‘ನಮ್ದು ಅತಿಕ್ರಮಣ ಜಾಗ, ಜಿಪಿಎಸ್ ಅಳತೆ ಆಗ್ಯದೆ, ಪಟ್ಟಾ ಆಗ್ಲಿಲ್ಲ’ ಅಂತ ಜನ ಸಹಜವಾಗಿ ಹೇಳುತ್ತಾರೆ. ತಮ್ಮ ಮೇಲಿನ ಆಪಾದನೆಯನ್ನೇ ತಮ್ಮ ಜಮೀನಿನ ಹೆಸರಾಗಿ ಇಟ್ಟುಕೊಂಡವರು ಅವರು. ಅವರ ಮುಂದೆ ‘ಅಮೆರಿಕದ ಜನ ಬ್ಯಾಂಕಿನ ಬೀದಿ ಆಕ್ರಮಿಸಿದರು’ ಅಂದರೆ ತಪ್ಪು ಯಾರದ್ದು ಅಂತ ಕೇಳಿಸುತ್ತದೆ? ಬೀದಿಯಲ್ಲಿ ಕೂತವರದ್ದೇ, ಅಲ್ವಾ?

ಅಮೆರಿಕದಲ್ಲೂ ಈ ಪದಕ್ಕೆ ತಕರಾರು ಎದ್ದಿತ್ತು ಅನ್ನುವುದನ್ನು ಇಲ್ಲಿ ಸೇರಿಸಬೇಕು. ಇದು ಮೊದಲೇ ನಮ್ಮಿಂದ ಕಸಿದುಕೊಂಡ ನೆಲ, ಅದನ್ನು ಇನ್ನೊಮ್ಮೆ ಆಕ್ರಮಿಸುತ್ತೇವೆ ಅಂದರೆ ಹೇಗೆ ಅಂತ ಅಲ್ಲಿನ ಮೂಲನಿವಾಸಿಗಳು ಕೇಳಿದರು. ಕ್ಯಾಲಿಫೋರ್ನಿಯಾದ ಓಕ್ಲೆಂಡಿನಲ್ಲಿ ಚಳವಳಿಯ ಹೆಸರನ್ನೇ ಬದಲಿಸಬೇಕೆಂಬ ಚರ್ಚೆ ನಡೆಯಿತು. ಹಾಗಾಗಿ ‘ಆಕ್ರಮಣ’ ಬೇಡ ಅನ್ನುವುದು ನನ್ನೊಬ್ಬಳ ಸೂಕ್ಷ್ಮ ಏನಲ್ಲ.

‘ಮುತ್ತಿಗೆ’ ಗಟ್ಟಿ ಪದ. ಕಾರವಾರದಲ್ಲಿ ಡಿಸಿ ಆಫೀಸಿಗೆ ಮುತ್ತಿಗೆ ಅಂದರೆ ಎಲ್ಲರಿಗೂ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಗೇಟು, ಘೋಷಣೆ, ಪೊಲೀಸರ ವ್ಯಾನು, ಸಂಜೆ ಹೊತ್ತಿಗೆ ಬಿಡುಗಡೆ. ಆದರೆ ಮುತ್ತಿಗೆಯಲ್ಲಿ ಒಳಗಿನವರು ಹೊರಗೆ ಬರಲಾಗದಂತೆ ಸುತ್ತುವರಿಯಬೇಕು. ಝುಕೋಟಿ ಪಾರ್ಕಿನಲ್ಲಿ ಕೂತವರ ಎದುರಿಗೇ ಬ್ಯಾಂಕಿನವರು ದಿನಾ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಮತ್ತೆ ಮುತ್ತಿಗೆ ಒಂದು ದಿನದ್ದು. ಇದು ಎರಡು ತಿಂಗಳದ್ದು. ‘ಬಿಡಾರ ಹೂಡು’, ‘ಠಿಕಾಣಿ ಹೂಡು’ ಅನ್ನಬಹುದು. ಕಾಲದ ಅಳತೆ ಸರಿಹೋಗುತ್ತದೆ, ಆದರೆ ಸಿಟ್ಟು ಎಲ್ಲಿದೆ? ಬಿಡಾರ ಯಕ್ಷಗಾನ ಮೇಳದವರೂ ಹೂಡುತ್ತಾರೆ.

ನನ್ನ ಮನಸ್ಸು ‘ಧರಣಿ’ಯ ಕಡೆಗಿದೆ. ‘ಅಹೋರಾತ್ರಿ ಧರಣಿ’ ಅನ್ನುವ ಮಾತು ನಮ್ಮ ಪತ್ರಿಕೆಗಳಲ್ಲಿ ಸಿದ್ಧವಾಗೇ ಇದೆ. ಅದು ಹಗಲು ರಾತ್ರಿ ಕೂರುವುದು. ಇಷ್ಟೇ ಆಗಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. ಭೂಮಿ ಅನ್ನುವ ಅರ್ಥದ ‘ಧರಣಿ’ ಸಂಸ್ಕೃತದಿಂದ ನೇರ ಬಂದದ್ದು. ಪ್ರತಿಭಟನೆಯ ‘ಧರಣಿ’ ಹಿಂದಿಯ ‘ಧರನಾ’, ಮರಾಠಿಯ ‘ಧರಣೆ’ಯ ಕಡೆಯಿಂದ ಬಂದದ್ದು. ಎರಡರ ಬೇರೂ ಒಂದೇ, ಹಿಡಿ ಅನ್ನುವ ಅರ್ಥದ್ದು. ಈ ಎರಡನೆಯ ಧರಣಿ ಮೊದಲು ಸಾಲದ ವ್ಯವಹಾರದ ಮಾತಾಗಿತ್ತು. ಹಣ ವಾಪಸು ಬರದಿದ್ದರೆ ಸಾಲ ಕೊಟ್ಟವನು ಪಡೆದವನ ಮನೆ ಬಾಗಿಲಲ್ಲಿ ಉಪವಾಸ ಕೂರುತ್ತಿದ್ದ. ಹೊರಗೆ ಅವನು ಉಣ್ಣದೆ ಕೂತಿರುವಾಗ ಒಳಗಿನವನೂ ಉಣ್ಣುವ ಹಾಗಿಲ್ಲ. ಕೂತವನು ಸತ್ತರೆ ಪಾಪ ಒಳಗಿನವನಿಗೆ. ಬ್ರಿಟಿಷರಿಗೆ ಇದು ಎಷ್ಟು ತಲೆನೋವಾಗಿತ್ತು ಅಂದರೆ 1860ರ ದಂಡ ಸಂಹಿತೆಯ 508ನೇ ಕಲಮಿನಲ್ಲೇ ಬಂತು. ದೈವದ ಕೋಪಕ್ಕೆ ಗುರಿಯಾಗುತ್ತೀ ಅಂತ ನಂಬಿಸಿ ಕೆಲಸ ಮಾಡಿಸಿಕೊಳ್ಳುವುದು ಅಪರಾಧ ಅಂತ ಹೇಳುತ್ತಿದ್ದ ಕಲಮು ಅದು. ಅಲ್ಲಿ ಕೊಟ್ಟ ಮೊದಲ ಉದಾಹರಣೆಯೇ ಇನ್ನೊಬ್ಬನ ಬಾಗಿಲಲ್ಲಿ ಧರಣಿ ಕೂರುವುದು.

ಈಗ ನ್ಯೂಯಾರ್ಕಿಗೆ ಬನ್ನಿ. ಅಲ್ಲಿ ಬಾಗಿಲ ಮುಂದೆ ಕೂತವರು ಯಾರು? ತೆರಿಗೆ ಕಟ್ಟಿದ ಜನ. ಅವರ ಹಣದಿಂದಲೇ ಬ್ಯಾಂಕುಗಳು ಉಳಿದದ್ದು. ಕೊಟ್ಟವರು ಹೊರಗೆ, ಪಡೆದವರು ಒಳಗೆ. ಧರಣಿಯ ಹಳೆಯ ಅರ್ಥ ಒಂದಿಷ್ಟೂ ಎಳೆಯದೆ ಹೊಂದುತ್ತದೆ. ಆಕ್ಯುಪೈಗೆ ಕನ್ನಡದಲ್ಲಿ ಇದಕ್ಕಿಂತ ನ್ಯಾಯದ ಪದ ನನಗೆ ಹೊಳೆಯುತ್ತಿಲ್ಲ.

ನಮ್ಮ ಜಿಲ್ಲೆಯ ನೆನಪಲ್ಲೂ ಬಾಗಿಲಲ್ಲಿ ಕೂರುವುದಕ್ಕೆ ದೊಡ್ಡ ಜಾಗ ಇದೆ. ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಉಪ್ಪಿನ ಸತ್ಯಾಗ್ರಹ ಆಯಿತು. ಅದರ ಬೆನ್ನಿಗೆ ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಕರನಿರಾಕರಣೆ ನಡೆಯಿತು. ಕಂದಾಯ ಕಟ್ಟದವರ ಜಮೀನು, ಪಾತ್ರೆ, ದನಕರುಗಳನ್ನು ಸರ್ಕಾರ ಜಪ್ತಿ ಮಾಡಿ ಹರಾಜು ಹಾಕಿತು. ಆಗ ಸಿದ್ದಾಪುರದ ಮಾವಿನಗುಂಡಿ ಕಡೆ ಹೆಂಗಸರು ಏನು ಮಾಡಿದರು ಗೊತ್ತಲ್ಲ? ಹರಾಜಿನಲ್ಲಿ ಜಮೀನು ಕೊಂಡವರ ಮನೆ ಬಾಗಿಲಿಗೆ ಹೋಗಿ ಉಪವಾಸ ಕೂತರು. ಕಚೇರಿಗೆ ಹೋಗಲಿಲ್ಲ, ಪರರ ಕಷ್ಟದಲ್ಲಿ ಲಾಭ ಕಂಡವರ ಹೊಸ್ತಿಲಿಗೇ ಹೋದರು. ಅವರ ನೆನಪಿಗೆ ಮಾವಿನಗುಂಡಿಯಲ್ಲಿ ಸ್ಮಾರಕ ಇದೆ. ಈ ಪುಸ್ತಿಕೆಯಲ್ಲಿ ಆ ಹೆಂಗಸರ ವಿಷಯ ಬರಲೇಬೇಕು ಅಂತ ಮಾಡಿದ್ದೇನೆ.

ಧರಣಿಗೆ ಒಬ್ಬರು ಎತ್ತಬಹುದಾದ ಆಕ್ಷೇಪ ನನಗೆ ಗೊತ್ತು. ಇವತ್ತಿನ ಧರಣಿ ಅಂದರೆ ಶಾಮಿಯಾನ, ಬ್ಯಾನರು, ಕೊನೆಗೊಂದು ಮನವಿ ಪತ್ರ. ‘ತಹಶೀಲ್ದಾರರ ಮೂಲಕ ಮುಖ್ಯಮಂತ್ರಿಗೆ ಮನವಿ ಸಲ್ಲಿಸಲಾಯಿತು’ ಅನ್ನುವ ಸಾಲಿಲ್ಲದೆ ವರದಿ ಮುಗಿಯುವುದಿಲ್ಲ. ಝುಕೋಟಿ ಪಾರ್ಕಿನವರು ಬೇಡಿಕೆಗಳ ಪಟ್ಟಿ ಕೊಡಲಿಲ್ಲ. ಅದೇ ಅವರ ಮೇಲಿನ ದೊಡ್ಡ ದೂರು ಕೂಡ. ಹಾಗಿರುವಾಗ ಧರಣಿ ಅನ್ನಬಹುದಾ? ನನ್ನ ಉತ್ತರ, ಅನ್ನಬಹುದು. ಹಳೆಯ ಧರಣಿಯಲ್ಲಿ ಮನವಿ ಪತ್ರ ಇರಲಿಲ್ಲ. ಯಾಕೆ ಕೂತಿದ್ದಾನೆ ಅಂತ ಒಳಗಿನವನಿಗೆ ಗೊತ್ತೇ ಇರುತ್ತಿತ್ತು.

ಇನ್ನೊಂದು ಪದದ ಮೇಲೆ ನಿಮ್ಮೆಲ್ಲರ ಕಣ್ಣು ಬೀಳಬೇಕು: ‘ಸಂಘ’. ಜಿಲ್ಲೆಯಲ್ಲಿ ಇದು ಹೋರಾಟದ ಪದವಾಗಿತ್ತು. ಗೇಣಿದಾರರು ದಿನಕರ ದೇಸಾಯಿಯವರ ಮುಂದಾಳುತನದಲ್ಲಿ ಒಟ್ಟಾದದ್ದು, ಅದಕ್ಕಾಗಿ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿದ್ದು, ಇದೆಲ್ಲ ಹಿರಿಯರ ಬಾಯಲ್ಲಿ ಇನ್ನೂ ಇದೆ. 1923ರಲ್ಲಿ ಶಿರಸಿಯಲ್ಲಿ ಅಡಿಕೆ ಬೆಳೆಗಾರರು ತೋಟಗಾರ್ಸ್ ಸೊಸೈಟಿ ಕಟ್ಟಿದಾಗಲೂ ಅರ್ಥ ಅದೇ, ಒಬ್ಬೊಬ್ಬರಾಗಿ ಸೋಲುವವರು ಒಟ್ಟಾಗುವುದು. ಈಗ ಕೇರಿಗಳಲ್ಲಿ ‘ನಾಳೆ ಸಂಘ ಅದೆ’ ಅಂದರೆ ಕಿರುಸಾಲದ ಕಂತು ಕಟ್ಟುವ ದಿನ. ‘ಸಂಘದವ್ರು ಬಂದ್ರು’ ಅಂದರೆ ವಸೂಲಿಗೆ ಬಂದರು. ಒಬ್ಬರ ಜಗುಲಿಯ ಮೇಲೆ ಚಾಪೆ ಹಾಸಿ ಹೆಂಗಸರು ಕೂರುತ್ತಾರೆ. ಮಡಿಲಲ್ಲಿ ಪಾಸ್‌ಬುಕ್ಕು, ಅದರೊಳಗೆ ಮಡಚಿಟ್ಟ ನೋಟು. ಒಬ್ಬಳದ್ದು ಕಡಿಮೆ ಬಿದ್ದರೆ ಉಳಿದವರು ಹಾಕಬೇಕು. ಎಲ್ಲರದ್ದೂ ಜಮಾ ಆಗುವ ತನಕ ಯಾರೂ ಏಳುವ ಹಾಗಿಲ್ಲ. ಕಂತು ತಪ್ಪಿದ ಮನೆಗೆ ಆಮೇಲೆ ವಸೂಲಿಯವರೇ ಹೋಗುತ್ತಾರೆ. ‘ದುಡ್ಡು ಕೊಡೂ ತನಕ ಏಳೂದಿಲ್ಲ ಅಂತ ಜಗುಲಿ ಹತ್ತಿ ಕೂತ್ರು’ ಅಂತ ನಮ್ಮ ಬಳಗದ ಒಬ್ಬಾಕೆ ಹೇಳಿದಳು. ಮನೆಯಲ್ಲಿ ಮಕ್ಕಳಿದ್ದರು, ಒಲೆ ಹಚ್ಚಲು ಮನಸ್ಸಾಗಲಿಲ್ಲ ಅಂದಳು.

2025ರ ಆರಂಭದಲ್ಲಿ ಇಂಥ ಕಿರುಕುಳದ ವಿರುದ್ಧ ರಾಜ್ಯದ ಹಲವು ಕಡೆ ಜನ ಬೀದಿಗಿಳಿದರು. ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದರಲ್ಲಿರುವ ಪದ ‘ಬಲವಂತದ ಕ್ರಮ’. ತಪ್ಪಿತಸ್ಥರಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಕಾನೂನಿಗೆ ‘ಬಲವಂತದ ಕ್ರಮ’ ಸಾಕು. ಮಾತಿಗೆ ಸಾಕಾಗುವುದಿಲ್ಲ. ಸಾಲ ಕೊಟ್ಟವರು ಬಾಗಿಲಲ್ಲಿ ಕೂರುವ ಆ ಹಳೆಯ ಪದ್ಧತಿ ಇಲ್ಲಿ ತಿರುಗಿ ಬಂದಿದೆ. ಆದರೆ ಇದನ್ನು ಧರಣಿ ಅನ್ನಲು ನನಗೆ ಸುತರಾಂ ಒಪ್ಪಿಗೆ ಇಲ್ಲ. ಹಳೆಯ ಧರಣಿಯಲ್ಲಿ ಕೂತವನೂ ಹಸಿದಿರುತ್ತಿದ್ದ. ವಸೂಲಿಯವರು ಜಗುಲಿ ಹತ್ತಿ ಕೂರುವುದಕ್ಕೆ ನಿಮ್ಮ ಕಡೆ ಬೇರೆ ಮಾತು ಇದೆಯಾ?

ಉಳಿದವು ಚಿಕ್ಕವು. ಆಕ್ಯುಪೈನವರ ಮುಖ್ಯ ಘೋಷಣೆ, ನಾವು 99 ಪರ್ಸೆಂಟು ಅನ್ನುವುದು. ಉಳಿದ ಒಂದು ಪರ್ಸೆಂಟು ಅಂದರೆ ಅತಿ ಸಿರಿವಂತರು. ‘ನಾವು ನೂರಕ್ಕೆ ತೊಂಬತ್ತೊಂಬತ್ತು’ ಅಂತ ಬರೆದರೆ ಕೆಡುತ್ತದೆ. ‘ನೂರಕ್ಕೆ ತೊಂಬತ್ತೊಂಬತ್ತು ಪಾಲು ಮಳೆ ಬತ್ತದೆ’ ಅಂದರೆ ಹೆಚ್ಚುಕಡಿಮೆ ಖಾತ್ರಿ ಅಂತ ಅರ್ಥ. ‘ನೂರು ಮಂದಿಯಲ್ಲಿ ತೊಂಬತ್ತೊಂಬತ್ತು ಮಂದಿ ನಾವು’ ಅಂತ ಬಿಡಿಸಿ ಬರೆದಿದ್ದೇನೆ. ಉದ್ದವಾಯಿತು, ಕೂಗಲು ಬರುವುದಿಲ್ಲ. ಕೂಗಲು ಬರುವಂಥದ್ದು ಯಾರಿಗಾದರೂ ಹೊಳೆದರೆ ಹೇಳಿ.

ಪಾರ್ಕಿನಲ್ಲಿ ಮೈಕಿಗೆ ಅನುಮತಿ ಇರಲಿಲ್ಲ. ಮಾತಾಡುವವರು ಒಂದು ತುಂಡು ಹೇಳುವುದು, ಹತ್ತಿರದವರೆಲ್ಲ ಅದನ್ನೇ ಗಟ್ಟಿಯಾಗಿ ಹೇಳುವುದು, ಹೀಗೆ ಹಿಂದಿನವರಿಗೆ ದಾಟಿಸುತ್ತಿದ್ದರು. ‘ಮಾನವ ಮೈಕು’ ಅಂತ ಯಾಕೆ ಬರೆಯಬೇಕು? ಹಾಡಿನಲ್ಲಿ ಮುಂದಿನವರು ಹೇಳಿದ್ದನ್ನು ಹಿಂದಿನವರು ಎತ್ತಿಕೊಳ್ಳುವುದಕ್ಕೆ ‘ಸೊಲ್ಲು’ ಅನ್ನುತ್ತೇವಲ್ಲ, ‘ಸೊಲ್ಲು ಎತ್ತಿಕೊಳ್ಳುವುದು’ ಅಂತಲೇ ಹಾಕಿದ್ದೇನೆ.

‘ದುರಾಸೆ’ಯನ್ನು ಹಾಗೇ ಉಳಿಸಿಕೊಂಡಿದ್ದೇನೆ. ‘ಧನದಾಹ’ ಭಾಷಣದ ಪದ.

ಮುಳುಗುವ ಬ್ಯಾಂಕಿಗೆ ಸರ್ಕಾರ ಹಣ ಕೊಟ್ಟು ಉಳಿಸುವ ಬೇಲ್‌ಔಟ್‌ಗೆ ಮಾತ್ರ ಮನಸ್ಸು ಒಪ್ಪುವ ಪದ ಸಿಕ್ಕಿಲ್ಲ. ‘ಪಾರುಗಾಣಿಕೆ’, ‘ರಕ್ಷಣಾ ಪ್ಯಾಕೇಜ್’ ಅಂತ ಬರೆಯುತ್ತಾರೆ. ರೈತನಿಗೆ ಸರ್ಕಾರ ಹಣ ಕೊಟ್ಟರೆ ಅದು ‘ಸಾಲ ಮನ್ನಾ’, ಬ್ಯಾಂಕಿಗೆ ಕೊಟ್ಟರೆ ‘ರಕ್ಷಣೆ’. ಮನ್ನಾ ಅಂದ ಕೂಡಲೇ ಪಡೆದವನ ತಲೆ ತಗ್ಗುತ್ತದೆ. ರಕ್ಷಣೆ ಅಂದರೆ ಪಡೆದವರು ಯಾವುದೋ ಆಪತ್ತಿಗೆ ಸಿಕ್ಕ ಪಾಪದವರ ಹಾಗೆ ಕೇಳಿಸುತ್ತದೆ. ಆ ಆಪತ್ತನ್ನು ತಂದುಕೊಂಡವರು ಅವರೇ. ಎರಡಕ್ಕೂ ಒಂದೇ ಮಾತು ಬಳಸಬೇಕು, ‘ಬ್ಯಾಂಕುಗಳ ಸಾಲ ಮನ್ನಾ’ ಅಂತಲೇ ಬರೆಯಬೇಕು ಅಂತ ಬಳಗದ ಹುಡುಗನೊಬ್ಬ ಹಠ ಹಿಡಿದಿದ್ದಾನೆ. ಅವನ ನ್ಯಾಯ ನನಗೆ ಹಿಡಿಸಿತು. ಆದರೆ ಅಮೆರಿಕ ಸರ್ಕಾರ ಕೊಟ್ಟ ಹಣದಲ್ಲಿ ಬಹಳಷ್ಟನ್ನು ಬ್ಯಾಂಕುಗಳು ಆಮೇಲೆ ಹಿಂದಿರುಗಿಸಿದವು. ಹಾಗಾಗಿ ಮನ್ನಾ ಅಂದರೆ ಅರ್ಥ ಸರಿಹೋಗುವುದಿಲ್ಲ. ‘ಕೈಗಡ’ ಅನ್ನೋಣವೇ? ತಿರುಗಿ ಕೊಡಬೇಕಾದ ಹಣ, ಕಷ್ಟಕಾಲಕ್ಕೆ ಸಿಕ್ಕ ಹಣ, ಎರಡೂ ಅದರಲ್ಲಿ ಬರುತ್ತದೆ. ಅಷ್ಟು ದೊಡ್ಡ ಮೊತ್ತಕ್ಕೆ ಅಷ್ಟು ಸಣ್ಣ ಪದ ಒಗ್ಗುತ್ತದೋ ಇಲ್ಲವೋ ನೀವೇ ಹೇಳಬೇಕು.

ಕಾರವಾರದ ಕೊಂಕಣಿ ಮಾತಾಡುವ ಗೆಳೆಯರು, ಬೆಳಗಾವಿ ಧಾರವಾಡದ ಕಡೆಯವರು ವಿಶೇಷವಾಗಿ ಬರೆಯಿರಿ. ‘ಧರಣೆ’ಗೆ ಸಾಲ ವಸೂಲಿಯ ಅರ್ಥ ನಿಮ್ಮ ಅಜ್ಜ ಅಜ್ಜಿಯರ ಮಾತಲ್ಲಿ ಇತ್ತಾ? ಬಾಗಿಲಲ್ಲಿ ಹಠ ಹಿಡಿದು ಕೂರುವುದಕ್ಕೆ ನಿಮ್ಮಲ್ಲಿ ಬೇರೆ ಅಚ್ಚ ಮಾತು ಇದ್ದರೆ ಅದನ್ನೂ ತಿಳಿಸಿ. ಅಚ್ಚಿಗೆ ಹೋಗುವ ಮೊದಲು ತಿದ್ದಿಕೊಳ್ಳುತ್ತೇನೆ.