ಸವೆದ ಬಹಮನಿ ತಾಮ್ರದ ನಾಣ್ಯ: 877ಓ, 887ಓ?

ಪ್ರಶ್ನೆ: ಬೀದರ್ ಕಡೆಯ ತಾಮ್ರದ ನಾಣ್ಯ, ತೂಕ 10.4 ಗ್ರಾಂ. ಒಂದು ಮಗ್ಗುಲಲ್ಲಿ ‘ಬಿನ್ ಹುಮಾಯೂನ್’ ಅಂತ ಅರಬಿಯಲ್ಲಿದೆ, ಅದರ ಹಿಂದುಮುಂದು ಸವೆದಿದೆ. ಅಂಚಿನಲ್ಲಿರುವ ಹಿಜರಿ (ಕ್ರಿ.ಶ. 622ರಿಂದ ಎಣಿಸುವ ಇಸ್ಲಾಮಿ) ವರ್ಷದ ಮೂರು ಅಂಕಿಗಳ ಫೋಟೋ ಹಾಕಿದ್ದೆ. ಒಬ್ಬರು 877 ಅಂದರು, ಇನ್ನೊಬ್ಬರು 887. ಯಾವುದು ಸರಿ? 877ಕ್ಕೆ 622 ಕೂಡಿಸಿದರೆ 1499 ಬರುತ್ತದೆ, ಆ ಲೆಕ್ಕ ಸರಿಯೇ ಸರ್?

ಉತ್ತರ: ಇಬ್ಬರೂ ಕಂಡದ್ದನ್ನೇ ಹೇಳಿದ್ದಾರೆ, ಒಬ್ಬರು ಫೋಟೋವನ್ನು ತಲೆಕೆಳಗಾಗಿ ನೋಡಿದ್ದಾರೆ ಅಷ್ಟೆ. ಅರಬಿ 7 ಇಂಗ್ಲಿಷಿನ ವಿ ಆಕಾರ, 8 ಅದನ್ನೇ ಬೋರಲು ಹಾಕಿದ ಹಾಗೆ. 887 ಅಂತ ಅರಬಿ ಅಂಕಿಯಲ್ಲಿ ಬರೆದು ಕಾಗದವನ್ನು ಅರ್ಧ ಸುತ್ತು ತಿರುಗಿಸಿ, 877 ಆಗಿಬಿಡುತ್ತದೆ! ಅಂಕಿಯನ್ನಷ್ಟೇ ಹತ್ತಿರದಿಂದ ತೆಗೆದ ಫೋಟೋದಲ್ಲಿ ಮೇಲು-ಕೆಳಗು ತಿಳಿಯುವುದಿಲ್ಲ. ಅಕ್ಷರವೂ ಕಾಣುವ ಹಾಗೆ ಇಡೀ ನಾಣ್ಯದ ಫೋಟೋ ಹಾಕಿ.

ದಿಕ್ಕು ಹಿಡಿಯುವುದು ಹೀಗೆ: ಅರಬಿ ಅಕ್ಷರಗಳಾದ ಅಲಿಫ್, ಲಾಮ್‌ಗಳ ಉದ್ದ ಗೀಟುಗಳು ಸಾಲಿನಿಂದ ಮೇಲಕ್ಕೆ ನಿಲ್ಲುತ್ತವೆ, ನೂನ್ ಅಕ್ಷರದ ಬಟ್ಟಲು ಕೆಳಕ್ಕೆ ಇಳಿಯುತ್ತದೆ. ಗೀಟುಗಳು ಮೇಲಕ್ಕಿರುವಂತೆ ನಾಣ್ಯ ಹಿಡಿದು ಆಮೇಲೆ ಅಂಕಿ ಓದಿ. ಅಕ್ಷರ ಬಲದಿಂದ ಎಡಕ್ಕೆ ಓಡಿದರೂ ಅಂಕಿಗಳನ್ನು ನಮ್ಮ ಹಾಗೆ ಎಡದಿಂದ ಬಲಕ್ಕೇ ಓದಬೇಕು. 2 ಮತ್ತು 3ರ ನಡುವೆ ಒಂದೇ ಹಲ್ಲಿನ ವ್ಯತ್ಯಾಸ. ಸವೆದರೆ ಎರಡೂ ಒಂದೇ.

ಇನ್ನು ರಾಜ. ‘ಬಿನ್ ಹುಮಾಯೂನ್’ ಅಂದರೆ ಬಹಮನಿ ಸುಲ್ತಾನ ಹುಮಾಯೂನನ ಮಗ. ಆ ಮಗನ ಹೆಸರು ಮುಹಮ್ಮದ್ ಎಂದಾದರೆ ಮೂರನೆಯ ಮುಹಮ್ಮದ್ ಶಾಹ್, ಹಿಜರಿ 867–887. ಎರಡು ಓದೂ ಈ ಅವಧಿಗೆ ಹೊಂದುತ್ತವೆ, ತೊಡಕು ಅಲ್ಲೇ. ಆದರೆ ಹಿಜರಿ 887 ಶುರುವಾದದ್ದು 1482ರ ಫೆಬ್ರವರಿಯಲ್ಲಿ, ಸುಲ್ತಾನ ತೀರಿಕೊಂಡದ್ದು ಮಾರ್ಚ್‌ನಲ್ಲಿ. ಆ ವರ್ಷದಲ್ಲಿ ಅವನ ಹೆಸರಿನ ನಾಣ್ಯ ಅಚ್ಚಾಗಲು ತಿಂಗಳು ಚಿಲ್ಲರೆ ಸಮಯ. ಹಾಗಾಗಿ ನನ್ನ ಒಲವು 877ರ ಕಡೆಗೆ. ಇಡೀ ನಾಣ್ಯದ ಫೋಟೋ ಬೇರೆ ಹೇಳಿದರೆ ಅದೇ ಅಂತಿಮ.

1499 ತಪ್ಪು. ಹಿಜರಿ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನ, ನಮ್ಮದಕ್ಕಿಂತ 11 ದಿನ ಕಡಿಮೆ. ಶೇಕಡಾ 3 ಕಳೆದು ಆಮೇಲೆ 622 ಕೂಡಿಸಬೇಕು: 877 − 26 + 622 = 1473. ಹಿಜರಿ ವರ್ಷ ಎರಡು ಇಸವಿಗಳ ಮೇಲೆ ಕೂರುವುದರಿಂದ 1472–73 ಅಂತ ಬರೆಯಿರಿ. ಬೀದರಿನ ಮಹಮೂದ್ ಗವಾನ್ ಮದರಸಾ ಮುಗಿದ ಹೊತ್ತು ಅದು. 1499ಕ್ಕೆ ಈ ಸುಲ್ತಾನ ತೀರಿಕೊಂಡು 17 ವರ್ಷ!

ಮರುಪ್ರಶ್ನೆ: ಹುಣಸೆಹಣ್ಣು ಹಾಕಿ ಉಜ್ಜಿದರೆ ಅಂಕಿ ಎದ್ದು ಕಾಣಬಹುದೇ?

ಉತ್ತರ: ದಯವಿಟ್ಟು ಬೇಡ. ಹಳೆಯ ತಾಮ್ರದಲ್ಲಿ ಅಕ್ಷರದ ಅಂಚು ಉಳಿದಿರುವುದು ಎಷ್ಟೋ ಸಲ ಮೇಲಿನ ಕಂದು-ಹಸಿರು ಪದರದಲ್ಲೇ, ಒಳಗಿನ ಲೋಹದಲ್ಲಲ್ಲ. ಹುಳಿ ಆ ಪದರವನ್ನು ತಿನ್ನುತ್ತದೆ. ಹೊಳೆಯುವ ಬಿಲ್ಲೆ ಸಿಗುತ್ತದೆ, ಇಸವಿ ಹೋಗುತ್ತದೆ. ಮಣ್ಣಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಮೆತ್ತಗಾದ ಮೇಲೆ ಮರದ ಕಡ್ಡಿಯಿಂದ ಬಿಡಿಸಿ. ಚೆನ್ನಾಗಿ ಒಣಗಿಸಿಯೇ ಎತ್ತಿಡಿ. ತಿಳಿಹಸಿರು ಪುಡಿ ಉದುರುತ್ತಿದ್ದರೆ ನೀರು ಮುಟ್ಟಿಸದೆ ಪರಿಣತರಿಗೆ ತೋರಿಸಿ.

ಇನ್ನೊಬ್ಬ ಸದಸ್ಯರು: ತೊಳೆಯುವುದಕ್ಕಿಂತ ಬೆಳಕು ಹೆಚ್ಚು ಕೆಲಸ ಮಾಡುತ್ತದೆ. ಕೋಣೆ ಕತ್ತಲು ಮಾಡಿ, ಫೋನನ್ನು ಸ್ಟ್ಯಾಂಡಿಗೆ ಹಾಕಿ, ಒಂದೇ ಟಾರ್ಚನ್ನು ಮೇಜಿನ ಮಟ್ಟಕ್ಕೆ ಇಳಿಸಿ 10–15 ಡಿಗ್ರಿ ಓರೆಯಾಗಿ ಬಿಡಿ. ನಾಣ್ಯ ಕದಲಿಸದೆ ಟಾರ್ಚನ್ನು ಸುತ್ತ ಎಂಟು ಕಡೆಯಿಂದ ಹಿಡಿದು ಎಂಟು ಫೋಟೋ ತೆಗೆಯಿರಿ. ಗೀಟಿನ ಉದ್ದಕ್ಕೇ ಬೆಳಕು ಬಿದ್ದರೆ ನೆರಳು ಬೀಳದೆ ಗೀಟು ಮಾಯವಾಗುತ್ತದೆ, ಅದಕ್ಕೇ ಎಂಟು. ಮೇಲಿನಿಂದ ಫ್ಲ್ಯಾಶ್ ಹೊಡೆದ ಫೋಟೋ ನೋಡಿ ಇಸವಿ ಹೇಳುವವರನ್ನು ನಂಬಬೇಡಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ನನ್ನ ಹತ್ತಿರವೂ ಇಂಥದ್ದೇ ನಾಣ್ಯವಿದೆ, ಅಂಕಿ 87 ಅಂತ ಶುರುವಾಗುತ್ತದೆ, ಕೊನೆಯ ಅಂಕಿ ನಾಣ್ಯದ ಅಂಚಿನ ಆಚೆಗೇ ಹೋಗಿದೆ.

ಉತ್ತರ: ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು. ಹಾಗಾಗಿ ಅದು ಸವೆದದ್ದಲ್ಲ, ಮೊದಲಿನಿಂದಲೂ ಇರಲಿಲ್ಲ, ಯಾವ ಬೆಳಕಿಗೂ ಸಿಗದು. ಅದೇ ಅಚ್ಚಿನಿಂದ ಬಂದ, ಬೇರೆ ಕಡೆಗೆ ಜಾರಿ ಬಿದ್ದ ಇನ್ನೊಂದು ನಾಣ್ಯ ಹುಡುಕಿ. ಅಕ್ಷರಗಳ ನಡುವಿನ ಅಂತರ, ಚುಕ್ಕಿಗಳ ಜಾಗ ಕೂದಲೆಳೆಯಷ್ಟೂ ತಪ್ಪದೆ ಹೊಂದಿದರೆ ಅದರ ಅಂಕಿ ಇದಕ್ಕೂ ಸಲ್ಲುತ್ತದೆ. ಸಿಗದಿದ್ದರೆ ‘ಹಿಜರಿ 87–, ಅಂದರೆ 1465–75’ ಅಂತಷ್ಟೇ ಬರೆದಿಡಿ.

ಮರುಪ್ರಶ್ನೆ: ವಿಜಯನಗರದ ವರಹದಲ್ಲಿ ಇಸವಿ ಎಲ್ಲಿರುತ್ತದೆ?

ಉತ್ತರ: ಇರುವುದೇ ಇಲ್ಲ. ರಾಜನ ಹೆಸರು ಓದಿ ಆಳ್ವಿಕೆಯ ಅವಧಿ ಬರೆಯಬೇಕು. ‘ಶ್ರೀ ಪ್ರತಾಪ ದೇವರಾಯ’ ಅಂತಿದ್ದರೆ ಮೊದಲನೆಯವನೋ ಎರಡನೆಯವನೋ ಅನ್ನುವ ಜಗಳ ಬೇರೆ!