ಸ್ಕಾಲರ್, ಸ್ಕೋಪಸ್, ವೆಬ್ ಆಫ್ ಸೈನ್ಸ್: ಮೂರರಲ್ಲಿ ಮೂರು ಎಚ್-ಇಂಡೆಕ್ಸ್, ಅರ್ಜಿಯಲ್ಲಿ ಯಾವುದನ್ನು ಬರೆಯುವುದು?

ಪ್ರಶ್ನೆ – ಕಣರೇಖೆ
ಮೆಟೀರಿಯಲ್ಸ್ ಸೈನ್ಸ್ ಹುದ್ದೆಯೊಂದಕ್ಕೆ ಪ್ರಕಟಣೆಗಳ ಪಟ್ಟಿ ಮತ್ತು ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಬಂದ ಉಲ್ಲೇಖ) ವಿವರ ಕೊಡಬೇಕಿದೆ. ಅರ್ಧ ಪೇಪರ್‌ಗಳು ಬ್ಯಾಟರಿ ಕ್ಯಾಥೋಡ್ ಮೇಲೆ, ಇನ್ನರ್ಧ ಮಿಶ್ರಲೋಹಗಳ ಕ್ರೀಪ್ (ಬಿಸಿಯಲ್ಲಿ ಹೊರೆ ಹೊತ್ತ ಲೋಹ ನಿಧಾನವಾಗಿ ಹಿಗ್ಗುವುದು) ಮೇಲೆ. ಗೂಗಲ್ ಸ್ಕಾಲರ್ ಎಚ್-ಇಂಡೆಕ್ಸ್ 21 (ಅಂದರೆ ತಲಾ ಕನಿಷ್ಠ 21 ಸೈಟೇಶನ್ ಪಡೆದ 21 ಪೇಪರ್) ಅನ್ನುತ್ತದೆ, ಸ್ಕೋಪಸ್ 16, ವೆಬ್ ಆಫ್ ಸೈನ್ಸ್ 14. ಈ ಮೂರು ಸೈಟೇಶನ್ ಡೇಟಾಬೇಸ್‌ಗಳಲ್ಲಿ ಯಾವುದರ ಲೆಕ್ಕ ಸರಿ? ಕ್ರೀಪ್ ಪೇಪರ್‌ಗಳಿಗೆ ಸೈಟೇಶನ್ ಕಡಿಮೆ, ಅದನ್ನು ಹೇಗೆ ತೋರಿಸಲಿ?

ಉತ್ತರ – ಗ್ರಂಥಸೂಚಿ
ಮೂರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯೇ. ಸ್ಕಾಲರ್ ಪ್ರೌಢಪ್ರಬಂಧ, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಬರುವ ಮೊದಲೇ ಹಂಚಿದ ಪ್ರತಿ), ವರದಿಗಳಿಂದ ಬಂದ ಸೈಟೇಶನ್‌ಗಳನ್ನೂ ಎಣಿಸುತ್ತದೆ. ಉಳಿದೆರಡು ತಾವು ಆಯ್ದುಕೊಂಡ ಜರ್ನಲ್, ಸಮ್ಮೇಳನ, ಪುಸ್ತಕಗಳನ್ನಷ್ಟೇ ನೋಡುತ್ತವೆ. ಹಾಗಾಗಿ ಬರೀ '21' ಎಂದು ಬರೆಯಬೇಡಿ. ಯಾವ ಮೂಲ, ಯಾವ ದಿನಾಂಕದಂದು ನೋಡಿದ್ದು ಎಂಬುದೂ ಜೊತೆಗಿರಲಿ.

ಆದರೆ ಅದಕ್ಕೂ ಮೊದಲು ಪ್ರೊಫೈಲ್ ಶುದ್ಧ ಮಾಡಿಕೊಳ್ಳಿ. ಡಿಒಐ (ಪ್ರತಿ ಪೇಪರ್‌ನ ಕಾಯಂ ಗುರುತು) ಸಹಿತ ಪಟ್ಟಿಯೊಂದನ್ನು ಸ್ಪ್ರೆಡ್‌ಶೀಟ್‌ನಲ್ಲಿ ಸಿದ್ಧಪಡಿಸಿ, ಮೂರೂ ಕಡೆಯ ಪಟ್ಟಿಯನ್ನು ಇಳಿಸಿಕೊಂಡು ಸಾಲು ಸಾಲಾಗಿ ತಾಳೆ ನೋಡಿ. ಸ್ಕೋಪಸ್‌ನಲ್ಲಿ ಇನಿಷಿಯಲ್ ಹಿಂದುಮುಂದಾದರೆ ಒಬ್ಬರೇ ಲೇಖಕರಿಗೆ ಎರಡು ಐಡಿ ಹುಟ್ಟಿಕೊಳ್ಳುವುದು ಸಾಮಾನ್ಯ; ಅವನ್ನು ಒಂದು ಮಾಡಿಸಲು ಅಲ್ಲೇ ಮನವಿ ಸಲ್ಲಿಸಬಹುದು. ಆಮೇಲೆ ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ ಐಡಿಗೆ ಜೋಡಿಸಿ. ಸ್ಕಾಲರ್‌ನಲ್ಲಿ ಪೇಪರ್‌ಗಳು ತಾವಾಗಿಯೇ ಸೇರಿಕೊಳ್ಳುವ ಆಯ್ಕೆಯನ್ನು ತೆಗೆದುಬಿಡಿ. ಇಲ್ಲದಿದ್ದರೆ ಅದೇ ಹೆಸರಿನ ಬೇರೆಯವರ ಕೆಲಸ ನಿಮ್ಮ ಖಾತೆಗೆ ಬಂದು ಕೂರುತ್ತದೆ, ಆಯ್ಕೆ ಸಮಿತಿಯ ಕಣ್ಣಿಗೆ ಬಿದ್ದರೆ ಉತ್ತರ ಕೊಡುವುದು ಕಷ್ಟ.

ಉತ್ತರ – ಸ್ಫಟಿಕ
ಸ್ಕಾಲರ್‌ನಲ್ಲಿ ಒಂದೇ ಪೇಪರ್ ಎರಡಾಗಿ ಕಾಣುವ ಸಮಸ್ಯೆ ನಮ್ಮ ವಿಷಯದಲ್ಲಿ ಹೆಚ್ಚು, ಏಕೆಂದರೆ ಶೀರ್ಷಿಕೆಯಲ್ಲೇ ರಾಸಾಯನಿಕ ಸೂತ್ರವಿರುತ್ತದೆ. ಕ್ಯಾಥೋಡ್ ಸೂತ್ರದ 0.8, 0.1 ಎಂಬ ಕೆಳಬರಹದ ಅಂಕಿಗಳನ್ನು ಒಬ್ಬರು ಅಂಟಿಸಿ ಬರೆಯುತ್ತಾರೆ, ಇನ್ನೊಬ್ಬರು ಬಿಡಿಸಿ ಬರೆಯುತ್ತಾರೆ. ಯಂತ್ರ ಅವನ್ನು ಎರಡು ಬೇರೆ ಶೀರ್ಷಿಕೆ ಎಂದುಕೊಳ್ಳುತ್ತದೆ. ಆಂಗೆವಾಂಟೆ ಕೆಮಿ ಎಂಬ ರಸಾಯನಶಾಸ್ತ್ರ ಜರ್ನಲ್‌ನಲ್ಲಿ ಜರ್ಮನ್ ಮತ್ತು ಅಂತರರಾಷ್ಟ್ರೀಯ ಆವೃತ್ತಿ ಎರಡರಲ್ಲೂ ಬಂದ ಪೇಪರ್‌ಗಂತೂ ಡಿಒಐಗಳೇ ಎರಡು.

ಇದರಿಂದ ಎಚ್-ಇಂಡೆಕ್ಸ್ ಎರಡೂ ದಿಕ್ಕಿಗೆ ವಾಲಬಹುದು. ಎಚ್ 21 ಇದ್ದಾಗ ಒಂದು ಪೇಪರ್ 18 ಮತ್ತು 7 ಎಂದು ಒಡೆದಿದ್ದರೆ ಎರಡೂ ಲೆಕ್ಕಕ್ಕೆ ಬರುವುದಿಲ್ಲ, ಕೂಡಿಸಿದರೆ 25 ಆಗಿ ಗಡಿ ದಾಟುತ್ತದೆ. ಅದೇ 30 ಮತ್ತು 24 ಎಂದು ಒಡೆದಿದ್ದರೆ ಒಂದೇ ಪೇಪರ್ ಎರಡು ಸಲ ಎಣಿಕೆಯಾಗಿದೆ ಎಂದರ್ಥ. ಎರಡೂ ನಮೂದನ್ನು ಗುರುತು ಹಾಕಿ 'ಮರ್ಜ್' ಒತ್ತಿ.

ವೆಬ್ ಆಫ್ ಸೈನ್ಸ್‌ನಲ್ಲಿ 'ಸೈಟೆಡ್ ರೆಫರೆನ್ಸ್' ಹುಡುಕಾಟ ಮಾಡಿ ನೋಡಿ. ಪುಟಸಂಖ್ಯೆಯ ಬದಲು ಲೇಖನಸಂಖ್ಯೆ ಕೊಡುವ ಫಿಸಿಕಲ್ ರಿವ್ಯೂ ಬಿಯಂಥ ಜರ್ನಲ್‌ಗಳಲ್ಲಿ, ಉಲ್ಲೇಖಿಸುವವರು ಪುಟ '1' ಎಂದು ಬರೆದರೆ ಆ ಸೈಟೇಶನ್ ನಿಮ್ಮ ಪೇಪರ್‌ಗೆ ಸೇರದೆ ಅನಾಥವಾಗಿ ಉಳಿದಿರಬಹುದು. ಅಂಥವನ್ನು ತಿದ್ದಲು ಮನವಿ ಕೊಡಬಹುದು.

ಉತ್ತರ – ತಾಪರೇಖೆ
ಕ್ರೀಪ್ ವಿಷಯಕ್ಕೆ ಬರೋಣ. ಒಂದು ಕ್ರೀಪ್ ಪರೀಕ್ಷೆ 10,000 ಗಂಟೆ ನಡೆದರೆ ಅದೇ ಸುಮಾರು 14 ತಿಂಗಳು. ನಿಮ್ಮ ಪೇಪರ್ ಓದಿ ಪ್ರಯೋಗ ಶುರು ಮಾಡಿದವರ ಪೇಪರ್ ಬರುವಷ್ಟರಲ್ಲಿ ಜರ್ನಲ್ ಇಂಪ್ಯಾಕ್ಟ್ ಫ್ಯಾಕ್ಟರ್‌ನ (ಜರ್ನಲ್‌ನ ಪೇಪರ್‌ಗಳಿಗೆ ಸಿಕ್ಕ ಸರಾಸರಿ ಸೈಟೇಶನ್) ಎರಡು ವರ್ಷದ ಅವಧಿ ಮುಗಿದಿರುತ್ತದೆ. ಬ್ಯಾಟರಿ ಸೆಲ್‌ನ ನೂರು ಸೈಕಲ್ ಫಲಿತಾಂಶ ಕೆಲವು ವಾರಗಳಲ್ಲೇ ಸಿಗಬಹುದು. ಈ ಎರಡನ್ನು ಒಂದೇ ಎಚ್-ಇಂಡೆಕ್ಸ್‌ನಲ್ಲಿ ಅಳೆಯುವುದು ನ್ಯಾಯವಲ್ಲ.

ಸ್ಕೋಪಸ್‌ನಲ್ಲಿ ಪ್ರತಿ ಪೇಪರ್‌ಗೂ ಎಫ್‌ಡಬ್ಲ್ಯೂಸಿಐ ಸಿಗುತ್ತದೆ: ಅದೇ ಕ್ಷೇತ್ರ, ಅದೇ ವರ್ಷ, ಅದೇ ಬಗೆಯ ಪೇಪರ್‌ಗಳೊಂದಿಗಿನ ಹೋಲಿಕೆ, ಜಾಗತಿಕ ಸರಾಸರಿ 1. ಆದರೆ ಕ್ಷೇತ್ರ ನಿರ್ಧಾರವಾಗುವುದು ಜರ್ನಲ್‌ನ ವರ್ಗದಿಂದ. 'ಲೋಹಗಳು ಮತ್ತು ಮಿಶ್ರಲೋಹಗಳು' ವರ್ಗದ ಜರ್ನಲ್‌ನಲ್ಲಿದ್ದರೆ ಹೋಲಿಕೆ ಸಮಾನರ ಜೊತೆ. 'ಸಾಮಾನ್ಯ ಮೆಟೀರಿಯಲ್ಸ್' ವರ್ಗದಲ್ಲಿದ್ದರೆ ಹೆಚ್ಚು ಸೈಟೇಶನ್ ಪಡೆಯುವ ಗ್ರಾಫೀನ್, ಪೆರೋವ್‌ಸ್ಕೈಟ್ ಪೇಪರ್‌ಗಳ ಜೊತೆ ಸ್ಪರ್ಧೆ.

ಸರಾಸರಿಯನ್ನೂ ನಂಬಬೇಡಿ. ಒಂಬತ್ತು ಪೇಪರ್‌ಗೆ 0.5, ಒಂದಕ್ಕೆ 15.5 ಇದ್ದರೆ ಸರಾಸರಿ 2.0 ಬರುತ್ತದೆ, ಮಧ್ಯಾಂಕ 0.5 ಮಾತ್ರ. ಆಯ್ದ ಐದು ಪೇಪರ್‌ಗಳಿಗೆ ಒಂದೊಂದಕ್ಕೂ ಪರ್ಸೆಂಟೈಲ್ (ಸಮಾನ ಪೇಪರ್‌ಗಳ ನಡುವೆ ನೂರರಲ್ಲಿ ಎಷ್ಟನೇ ಸ್ಥಾನ) ಕೊಡುವುದು ಮೇಲು. ಒಂದೆರಡು ವರ್ಷದೊಳಗಿನ ಪೇಪರ್‌ಗಳನ್ನು ಬಿಡಿ, ಅವುಗಳ ಅಂಕಿ ಇನ್ನೂ ಕುದುರಿರುವುದಿಲ್ಲ.

ಕಣರೇಖೆ
ಎಲ್ಲರಿಗೂ ಧನ್ಯವಾದ. ಸ್ವ-ಉಲ್ಲೇಖ ತೆಗೆದು ತೋರಿಸಬೇಕೆ? ರಿವ್ಯೂ ಪೇಪರ್‌ಗಳನ್ನು (ಹಿಂದಿನ ಸಂಶೋಧನೆಗಳ ಸಮೀಕ್ಷೆ) ಏನು ಮಾಡಲಿ?

ಉತ್ತರ – ಗ್ರಂಥಸೂಚಿ
ತೆಗೆದೂ ತೆಗೆಯದೆಯೂ, ಎರಡೂ ಕೊಡಿ. ಸ್ಕೋಪಸ್‌ನಲ್ಲಿ ನಿಮ್ಮದನ್ನು ಮಾತ್ರ ತೆಗೆಯುವುದು, ಎಲ್ಲ ಸಹಲೇಖಕರದನ್ನೂ ತೆಗೆಯುವುದು ಎಂದು ಎರಡು ಆಯ್ಕೆಗಳಿವೆ. ದೊಡ್ಡ ತಂಡದ ಪೇಪರ್‌ಗಳಲ್ಲಿ ಇವೆರಡರ ಅಂತರ ಹೆಚ್ಚು, ಆದ್ದರಿಂದ ಯಾವುದನ್ನು ಒತ್ತಿದಿರಿ ಎಂದು ಬರೆಯಿರಿ. ರಿವ್ಯೂಗಳನ್ನು ಬೇರೆ ಶೀರ್ಷಿಕೆಯಡಿ ಇಡಿ. ಎಚ್-ಇಂಡೆಕ್ಸ್ ರಿವ್ಯೂ, ಮೂಲ ಸಂಶೋಧನೆ ಎಂದು ಭೇದ ಮಾಡುವುದಿಲ್ಲ. ಜರ್ನಲ್ ಅಂಕಿಗಳಿಂದ ಸಂಶೋಧಕರನ್ನು ಅಳೆಯಬಾರದು ಎನ್ನುವ 'ಡೋರಾ' ಘೋಷಣೆಗೆ ಸಂಸ್ಥೆ ಸಹಿ ಹಾಕಿದ್ದರೆ ಇಂಪ್ಯಾಕ್ಟ್ ಫ್ಯಾಕ್ಟರ್ ಕಾಲಂ ತೆಗೆದುಬಿಡಿ. ಆ ಜಾಗದಲ್ಲಿ ಪ್ರತಿ ಪೇಪರ್‌ಗೆ ನಿಮ್ಮ ಪಾತ್ರ ಬರೆಯಿರಿ: ಮಾದರಿ ತಯಾರಿಕೆಯೇ, ಟಿಇಎಂ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ವಿಶ್ಲೇಷಣೆಯೇ, ಬರವಣಿಗೆಯೇ ಎಂದು.