ಗಾಣದ ಬೀಡಿಗೆ ಯಾವ ರಾಡ್, ಸ್ಟೀಲಿಗೆ ಯಾವ ರಾಡ್?

ಪ್ರಶ್ನೆ (ಮಂಡ್ಯದ ಹತ್ತಿರ ಚಿಕ್ಕ ವೆಲ್ಡಿಂಗ್ ಅಂಗಡಿ):
ಅಣ್ಣ, ನಮಸ್ಕಾರ. ಗೇಟು, ಗ್ರಿಲ್ಲು ಮಾಡಿಕೊಂಡಿದ್ದೇನೆ. 200 ಆಂಪ್ಸ್ ಇನ್ವರ್ಟರ್ ಮಷೀನು, ಎಲ್ಲದಕ್ಕೂ ಮಾಮೂಲಿ ಕಬ್ಬಿಣಕ್ಕೆ ಬಳಸುವ 6013 ವೆಲ್ಡಿಂಗ್ ರಾಡೇ. ಹೋದ ವಾರ ಆಲೆಮನೆಯವರು ಗಾಣದ ಪಕ್ಕದ ಫ್ರೇಮ್ ತಂದರು, ಬಿರುಕು ಬಿಟ್ಟಿತ್ತು. ಅದೇ ರಾಡಿನಲ್ಲಿ ಹೊಡೆದೆ. ನೋಡೋಕೆ ಚೆನ್ನಾಗೇ ಬಂತು. ಊಟಕ್ಕೆ ಕೂತಿದ್ದೆ, ಟಿಣ್ ಅಂತ ಸದ್ದು. ಬಂದು ನೋಡಿದರೆ ವೆಲ್ಡಿನ ಪಕ್ಕದಲ್ಲೇ ಕೂದಲೆಳೆಯಷ್ಟು ಹೊಸ ಬಿರುಕು. ಇನ್ನೊಂದು, ಹೋಟೆಲಿನವರ ಕೆಲಸ ಒಪ್ಪಿಕೊಂಡಿದ್ದೇನೆ. ಎಂ.ಎಸ್. (ಮಾಮೂಲಿ ಕಬ್ಬಿಣ) ಫ್ರೇಮಿಗೆ 304 ಸ್ಟೀಲ್ (ಸ್ಟೇನ್‌ಲೆಸ್) ಪೈಪ್ ಕೂಡಿಸಬೇಕು. ಯಾವ್ಯಾವ ರಾಡ್ ತರಲಿ?

ಉತ್ತರ (ಮೈಸೂರು ಹೆಬ್ಬಾಳ ಕೈಗಾರಿಕಾ ಪ್ರದೇಶದ ವೆಲ್ಡರ್):
ತಮ್ಮಾ, ಅದು ಬೀಡು, ಅಂದರೆ ಎರಕದ ಕಬ್ಬಿಣ ಇರಬೇಕು. ಮೊದಲು ಖಚಿತ ಮಾಡಿಕೊಳ್ಳಿ. ಒಂದು ಮೂಲೆಗೆ ಡ್ರಿಲ್ ಇಟ್ಟು ನೋಡಿ. ಎಂ.ಎಸ್. ಆದರೆ ಸುರುಳಿ ಸುರುಳಿ ಬರುತ್ತದೆ, ಬೀಡಾದರೆ ಕಪ್ಪು ಪುಡಿ ಉದುರುತ್ತದೆ. ಗ್ರೈಂಡರ್ ಕಿಡಿಯೂ ಹೇಳುತ್ತದೆ. ಎಂ.ಎಸ್. ಕಿಡಿ ಉದ್ದಕ್ಕೆ ಹಾರುತ್ತದೆ, ಬೀಡಿನದು ಕೆಂಪಗೆ ಮಂಕಾಗಿ ಅಲ್ಲೇ ಆರುತ್ತದೆ.

ಬೀಡಿನಲ್ಲಿ ಕಾರ್ಬನ್ ನೂರಕ್ಕೆ 2ರಿಂದ 4ರಷ್ಟು ಇರುತ್ತದೆ. 6013ರಲ್ಲಿ ಹೊಡೆದಾಗ ವೆಲ್ಡಿನ ಅಂಚು ಗಾಜಿನ ಹಾಗೆ ಗಡುಸಾಗುತ್ತದೆ. ವೆಲ್ಡ್ ಆರುತ್ತಾ ಎಳೆಯುತ್ತದೆ, ಗಡುಸಾದದ್ದು ಬಾಗೋದಿಲ್ಲ, ಸೀಳುತ್ತದೆ. ನೀವು ಕೇಳಿದ ಟಿಣ್ ಅದೇ. ಇದಕ್ಕೆ ನಿಕ್ಕಲ್ ರಾಡ್ ಬೇಕು. ಗಾಣಕ್ಕೆ ಭಾರ ಬೀಳುವುದರಿಂದ ನಿಕ್ಕಲ್-ಐರನ್, ಅಂದರೆ ಅರ್ಧದಷ್ಟು ನಿಕ್ಕಲ್ ಇರುವುದನ್ನು ತನ್ನಿ. ರೇಟು ಜಾಸ್ತಿ, ಬಿಡಿಯಾಗಿ ಎಂಟು ಹತ್ತು ತಂದರೆ ಸಾಕು.

ಹಳೇ ವೆಲ್ಡನ್ನು ಪೂರಾ ಗ್ರೈಂಡ್ ಮಾಡಿ ತೆಗೆಯಿರಿ. ಬಿರುಕಿನ ಎರಡೂ ತುದಿಗೆ 5 ಎಂ.ಎಂ. ತೂತು ಹೊಡೆಯಿರಿ, ಇಲ್ಲದಿದ್ದರೆ ಅದು ಮುಂದಕ್ಕೆ ಓಡುತ್ತದೆ. ವಿ ಆಕಾರಕ್ಕೆ ತೋಡಿ, ಒಳಗೆ ಕುಡಿದ ಎಣ್ಣೆ, ಗ್ರೀಸು ಸುಟ್ಟುಹೋಗುವಂತೆ ಬ್ಲೋಲ್ಯಾಂಪ್ ಹಿಡಿಯಿರಿ. 2.5 ಎಂ.ಎಂ. ರಾಡ್, 70 ಆಂಪ್ಸ್ ಆಸುಪಾಸು. ಒಂದು ಸಲಕ್ಕೆ ಒಂದಂಗುಲ ಮಾತ್ರ! ಬಿಸಿ ಇರುವಾಗಲೇ ಗುಂಡು ತಲೆ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಕೈ ಇಡುವಷ್ಟು ಆರಿದ ಮೇಲೆ ಇನ್ನೊಂದು ಕಡೆ ಒಂದಂಗುಲ. ಬೇಜಾರಿನ ಕೆಲಸ, ಅರ್ಧ ದಿನ ಹೋಗುತ್ತದೆ, ಕೂಲಿ ಹೇಳುವಾಗ ಅದನ್ನೂ ಸೇರಿಸಿ. ಕೊನೆಗೆ ಬೂದಿಯಲ್ಲಿ ಹೂತು ಬಿಡಿ. ಆಲೆಮನೆಯಲ್ಲಿ ಬೂದಿಗೇನು ಬರ, ಅಲ್ವಾ? ನೀರು ಮಾತ್ರ ಹಾಕಬೇಡಿ.

ಹೋಟೆಲ್ ಕೆಲಸಕ್ಕೆ 309ಎಲ್ ರಾಡ್. ಸ್ಟೀಲಿಗೆ ಸ್ಟೀಲು ಕೂಡಿಸುವುದಾದರೆ 308ಎಲ್, ಎಂ.ಎಸ್. ಜೊತೆಗೆ ಸ್ಟೀಲಾದರೆ 309ಎಲ್. ಸ್ಟೀಲಿಗೆ ಬೇರೆ ಬ್ರಷ್, ಬೇರೆ ಗ್ರೈಂಡಿಂಗ್ ವೀಲ್ ಇಟ್ಟುಕೊಳ್ಳಿ. ಎಂ.ಎಸ್. ಉಜ್ಜಿದ ಬ್ರಷ್ಷನ್ನೇ ಹಾಕಿದರೆ ನಾಲ್ಕು ದಿನಕ್ಕೆ ತುಕ್ಕಿನ ಚುಕ್ಕೆ ಬರುತ್ತದೆ, ಹೋಟೆಲಿನವರು ಡೂಪ್ಲಿಕೇಟ್ ಸ್ಟೀಲ್ ಅಂತಾರೆ.

ಇನ್ನೊಬ್ಬರು (ಮದ್ದೂರು):
ಸರ್, ಟ್ರಾಲಿ ಚಾಸಿಗೆ 7018 ರಾಡ್ ತಂದೆ. ಬರೀ ಅಂಟಿಕೊಳ್ಳುತ್ತದೆ. ಕೆಟ್ಟ ಮಾಲಾ?

ಉತ್ತರ:
ಮಾಲು ಬೈಯುವ ಮೊದಲು ಅರ್ಥ್ ಕ್ಲಾಂಪ್ ನೋಡಿ. ಪೇಂಟ್ ಮೇಲೆ ಕಚ್ಚಿಸಿದ್ದೀರಾ? ಉಜ್ಜಿ ಕಚ್ಚಿಸಿ. ಹೋಲ್ಡರ್ ಪ್ಲಸ್ಸಿಗೆ ಇರಲಿ. ಹಳೇ ಟ್ರಾನ್ಸ್‌ಫಾರ್ಮರ್ ಮಷೀನಾದರೆ ಎಷ್ಟೋ ಸಲ 7018 ಹೊತ್ತಿಕೊಳ್ಳೋದೇ ಇಲ್ಲ. 3.15 ಎಂ.ಎಂ. ರಾಡಿಗೆ 110ರಿಂದ 130 ಆಂಪ್ಸ್ ಕೊಡಿ, ಆರ್ಕ್ ಗಿಡ್ಡ ಇಟ್ಟುಕೊಳ್ಳಿ. ತೇವ ಕುಡಿದ ರಾಡ್ ಬೇಡ. ಇದನ್ನು ಓವನ್‌ನಲ್ಲಿ 300-350 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಬೇಕು. ಬಿಸಿಲಿಗೆ ಒಣಗಿಸುವುದು ಹಪ್ಪಳಕ್ಕೆ ಸರಿ.

ಇನ್ನೊಬ್ಬರು:
ಜಿ.ಐ. (ಸತುವಿನ ಲೇಪದ) ಪೈಪಿಗೆ ಸರ್?

ಉತ್ತರ:
6013 ಸಾಕು. ಜಾಯಿಂಟಿನ ಸುತ್ತ ಸತುವು ಉಜ್ಜಿ ತೆಗೆದು, ಗಾಳಿಯಾಡುವ ಕಡೆ ಕೂತು ಮಾಡಿ. ಒಮ್ಮೆ ಮುಚ್ಚಿದ ಶೆಡ್ಡಿನಲ್ಲಿ ದಿನವಿಡೀ ಮಾಡಿ, ರಾತ್ರಿ ಚಳಿ ಜ್ವರದಲ್ಲಿ ನಡುಗಿದ್ದೇನೆ. ಸತುವು ಸುಟ್ಟಾಗ ಏಳುವ ಬಿಳಿ ಹೊಗೆಯ ಕೆಲಸ ಅದು.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ಮೇಲೆ):
ಅಣ್ಣ, ಬೂದಿಯಿಂದ ಬೆಳಿಗ್ಗೆ ತೆಗೆದೆ. ಬಿರುಕಿಲ್ಲ. ಗಾಣ ಓಡುತ್ತಿದೆ. ಕೂಲಿ ಜೊತೆ ಎರಡು ಕೆಜಿ ಅಚ್ಚು ಬೆಲ್ಲ ಬಂತು.

ಉತ್ತರ:
ಬೆಲ್ಲದಲ್ಲಿ ನನಗೂ ಪಾಲಿದೆ! ದಿನಾ ಗಾಣ ನಿಲ್ಲಿಸಿದ ಮೇಲೆ ಆ ಎರಡು ತೂತಿನ ಹತ್ತಿರ ಒರೆಸಿ ನೋಡಲು ಹೇಳಿ. ಹೊಸ ಗೆರೆ ಕಂಡರೆ ಮತ್ತೆ ಓಡಿಸಬೇಡಿ, ಫೋಟೋ ಹಾಕಿ.